ದನಿ ದಪ್ಪ ಆದಾಗ ಯಾವ ರಾಗ?

ಹೋದ ತಿಂಗಳು ಹಳಿಯಾಳದಲ್ಲಿ ನನ್ನ ಕಾಕಾನ ಮಗಳು ಕೇಳಿದ್ಲು: "ಅಣ್ಣಾ, ನನ್ನ ದನಿ ಹಾಳಾಗೇತೇನು?" ಅವಳಿಗೆ ಹದಿನೇಳು. ಸ್ಪರ್ಧೆಗೆ ಒಂದು ಸಿನಿಮಾ ಹಾಡು ಕೊಟ್ಟಿದ್ದರು. ಮೇಲಿನ ಶ್ರುತಿ ಹಿಡಿದು ಹಿಡಿದು ಗಂಟಲು ಕಟ್ಟಿತ್ತು. ಹುಟ್ಟಾ ದಪ್ಪ ದನಿ ಅವಳದು.

ನಾನು ಬಿ.ಕಾಂ. ಓದಿದವ, ಸಂಗೀತದ ಪಂಡಿತ ಅಲ್ಲ. ಆದ್ರೂ ಉತ್ತರ ಹುಡುಕಿದೆ. ಅದು ಹಳಿಯಾಳದಿಂದ ದೂರವೇನಿಲ್ಲ, ಹುಬ್ಬಳ್ಳಿಯಲ್ಲೇ ಸಿಕ್ಕಿತು.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು, ಮಗಳು ಹಿಂದೂಸ್ತಾನಿ ಕಡೆ ಹೊರಳಿದರು. 1930ರ ದಶಕದ ಅವರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ: ತೆಳು, ಎತ್ತರದ ಹುಡುಗಿ ದನಿ. ಆಮೇಲೆ ಗಂಟಲ ಚಿಕಿತ್ಸೆ ಆಯ್ತು, ದನಿ ಕೆಳಗಿಳಿಯಿತು. ಮುಂದಿನ ಧ್ವನಿಮುದ್ರಿಕೆ ಹಾಕಿದ್ರೆ ಹೊಸಬರು ಗಂಡಸು ಹಾಡ್ತಿದ್ದಾರೆ ಅಂದ್ಕೋತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ!

ಅವರು ಮಾಡಿದ್ದೇನು ಗೊತ್ತಾ? ಹಳೇ ದನಿಯ ಹಿಂದೆ ಓಡಲಿಲ್ಲ. ಠುಮ್ರಿ, ಭಾವಗೀತೆಯಂಥ ಹಗುರ ಪ್ರಕಾರಗಳನ್ನು ಬದಿಗಿಟ್ಟು ಖಯಾಲನ್ನೇ ಹಿಡಿದರು. 1930ರ ದಶಕದ ಕೊನೆಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಹತ್ತಿರ ಹೋಗ್ತಿದ್ದರು. ಭೀಮಸೇನ ಜೋಶಿ ಕೂಡ ಅದೇ ಗುರುಗಳ ಶಿಷ್ಯ. ಗುರುಗಳು ರಾಗಗಳ ರಾಶಿ ಹಾಕಲಿಲ್ಲ. ಕೆಲವೇ ರಾಗ, ಒಂದೇ ತುಣುಕನ್ನು ಮತ್ತೆ ಮತ್ತೆ, ನಿಧಾನಕ್ಕೆ. ವಿಳಂಬಿತದಲ್ಲಿ ಒಂದೊಂದೇ ಸ್ವರ ಬಿಚ್ಚುವ ಆ ಕಿರಾಣಾ ಪದ್ಧತಿ ಭಾರವಾದ ದನಿಗೆ ಹೇಳಿ ಮಾಡಿಸಿದಂತಿತ್ತು. ಭೈರವ, ತೋಡಿ, ಭೀಮಪಲಾಸಿ, ಮಾರವಾ: ಇವುಗಳನ್ನು ಕೇಳಿದಾಗ ಆ ದಪ್ಪ ದನಿ ಕೊರತೆ ಅನ್ನಿಸೋದೇ ಇಲ್ಲ.

ಪಶ್ಚಿಮದ ಆಪೆರಾದಲ್ಲೂ ಇದೇ ಎಚ್ಚರಿಕೆ ಇದೆ. ದೊಡ್ಡ ದನಿಯ ಹುಡುಗಿಗೆ ವಾಗ್ನರನ ಭಾರೀ ಪಾತ್ರಗಳನ್ನು ಬೇಗ ಕೊಡಬೇಡಿ, ಮೊದಲು ಮೊಜಾರ್ಟ್ ಹಾಡಲಿ ಅಂತಾರೆ. ಅಲ್ಲಿ ಭಾರ ತಡೀರಿ ಅಂತಾರೆ, ಇಲ್ಲಿ ನಮ್ಮವರು ತೆಳು ದನಿ ಬೇಕು ಅಂತ ಹುಡುಗಿಯನ್ನೇ ಎಳೀತಾರೆ. ಎರಡನೇದು ನನಗೆ ಹೆಚ್ಚು ಕ್ರೂರ ಅನ್ನಿಸುತ್ತೆ.

2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು.

ತಂಗಿಗೆ ಎರಡೂ ಕಾಲದ ರೆಕಾರ್ಡಿಂಗ್ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ವಾಯ್ಸ್ ನೋಟ್ ಬಂತು: "ಅಣ್ಣಾ, ಎರಡನೇದು ಕೇಳಿದೆ. ಆ ಸಿನಿಮಾ ಹಾಡು ಬ್ಯಾಡ ಅಂತ ನಾಳೆ ಹೇಳ್ತೀನಿ." ಮೊದಲು ಒಂದು ವಾರ ಗಂಟಲಿಗೆ ರಜೆ ಕೊಡು ಅಂದೆ.