ಎಣಿಕೆಯ ಗೂಡುಗಳು

ಪಟ್ಟಿಯಲ್ಲಿ ಒಂದೇ ಹೆಸರು ಎಷ್ಟು ಸಾರಿ ಬಂದಿದೆ ಎಂದು ಎಣಿಸುವುದು ಕಂಪ್ಯೂಟರಿಗಿಂತ ಬಹಳ ಹಳೆಯ ಕೆಲಸ. ಜನಗಣತಿಗೆಂದು ಮನೆಮನೆ ಸುತ್ತಿದ ನಮ್ಮಂಥ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನದ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಆಗ ಸಕಲೇಶಪುರದ ಸೀಮೆಗೆ ಮಂಜರಾಬಾದ್ ತಾಲ್ಲೂಕೆಂದೇ ಹೆಸರು. 1891ರವರೆಗೂ ಗುಮಾಸ್ತರು ದೊಡ್ಡ ಹಾಳೆಯಲ್ಲಿ ಅಂಕಣ ಎಳೆದು, ತಲೆಗೊಂದು ಗೀಟು ಹಾಕಿ ಲೆಕ್ಕ ಕೂಡುತ್ತಿದ್ದರು. ಗೀಟು ಪಕ್ಕದ ಅಂಕಣಕ್ಕೆ ಬಿದ್ದರೆ ಹುಡುಕುವವರು ಯಾರು?

1901ರ ಮಾರ್ಚ್ 1ರ ಗಣತಿಯೊಂದಿಗೆ ಚೀಟಿಯ ಪದ್ಧತಿ ಬಂತು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಅದರ ಬಣ್ಣದಿಂದ ಧರ್ಮ, ಮೇಲಿನ ಗುರುತಿನಿಂದ ಗಂಡೋ ಹೆಣ್ಣೋ ತಿಳಿಯುತ್ತಿತ್ತು. ಚೀಟಿಗಳನ್ನು ಗೂಡುಗಳಿಗೆ ವಿಂಗಡಿಸಿ ಆಮೇಲೆ ಎಣಿಸಿದರಾಯಿತು. ಅಮೆರಿಕದಲ್ಲಿ ಹಾಲರಿತ್ 1890ರಲ್ಲೇ ಈ ಕೆಲಸಕ್ಕೆ ತೂತಿನ ಕಾರ್ಡು ಮತ್ತು ಯಂತ್ರ ತಂದಿದ್ದ. ನಮ್ಮಲ್ಲಿ ಕೈಯೇ ಯಂತ್ರ.

ಇಂದು ವೆಬ್‌ಗೆ ಪ್ರೋಗ್ರಾಮ್ ಬರೆಯುವವರು ಮಾಡುವುದೂ ಇದನ್ನೇ. ಪಿಎಚ್‌ಪಿಯಲ್ಲಿ 'ಅರೇ ಕೌಂಟ್ ವ್ಯಾಲ್ಯೂಸ್' ಎಂಬ ಸಿದ್ಧ ಆಜ್ಞೆಯಿದೆ. ಜಾವಾಸ್ಕ್ರಿಪ್ಟಿನಲ್ಲಾದರೆ ಖಾಲಿ 'ಮ್ಯಾಪ್' ಒಂದನ್ನಿಟ್ಟುಕೊಂಡು ಪಟ್ಟಿಯನ್ನು ಒಮ್ಮೆ ಓದಬೇಕು: ಹೆಸರಿಗೆ ಗೂಡಿದ್ದರೆ ಒಂದು ಕೂಡಿಸು, ಇಲ್ಲವಾದರೆ ಹೊಸ ಗೂಡಿಟ್ಟು ಒಂದು ಬರೆ. ಪ್ರತಿ ಹೆಸರಿಗೂ ಇಡೀ ಪಟ್ಟಿಯನ್ನು ಮತ್ತೆ ಓದಿಸಿದರೆ 1000 ಹೆಸರಿಗೆ 10 ಲಕ್ಷ ಹೋಲಿಕೆಯಾಗುತ್ತದೆ. ಗೂಡಿನ ಕ್ರಮದಲ್ಲಿ ಸಾವಿರ ಹೆಜ್ಜೆ ಸಾಕು.

ಕಷ್ಟವಿರುವುದು ನಮ್ಮ ಊರ ಹೆಸರುಗಳಲ್ಲಿ. ಬೆಳಗೋಡು ಎಂಬಲ್ಲಿನ 'ಗೋ'ವಿನ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಊರು. ಎಣಿಸುವ ಮೊದಲು ಅವನ್ನು ಏಕರೂಪಗೊಳಿಸುವ 'ನಾರ್ಮಲೈಸ್' ಆಜ್ಞೆ 2015ರಲ್ಲಿ ಜಾವಾಸ್ಕ್ರಿಪ್ಟಿನ ಪ್ರಮಾಣಭಾಷೆಗೆ ಸೇರಿತು. ಆದರೆ ಒಬ್ಬರು ಸಕಲೇಶಪುರ, ಇನ್ನೊಬ್ಬರು ಸಕ್ಲೇಶಪುರ ಎಂದು ಬರೆದರೆ ಅದೂ ಕೈಚೆಲ್ಲುತ್ತದೆ. ಇದಕ್ಕೆ ಉಲ್ಟಾ ಆಲೂರಿನದು: ಕೆಂಚಮ್ಮನ ಹೊಸಕೋಟೆಯವರು ಚುಟುಕಾಗಿ 'ಹೊಸಕೋಟೆ' ಎಂದರೆ ಬೆಂಗಳೂರು ಬಳಿಯ ಹೊಸಕೋಟೆಯ ಗೂಡಿಗೇ ಹೋಗಿ ಬೀಳುತ್ತಾರೆ!

ಇದು ಬರೀ ಅಕ್ಷರದ ಜಗಳವಲ್ಲ. ಮಕ್ಕಳ ಸಂಖ್ಯೆ ನೋಡಿ ಉಪಾಧ್ಯಾಯರ ಹುದ್ದೆ ಕೊಡುವ ಪದ್ಧತಿ ನಮ್ಮದು. ಹೆತ್ತೂರು, ಯಸಳೂರು ಕಡೆಯ ಕಾಡಂಚಿನ ಶಾಲೆಯೊಂದರಲ್ಲಿ ಹತ್ತು ಹನ್ನೆರಡು ಮಕ್ಕಳಿದ್ದರೆ ಅದೇ ಹೆಚ್ಚು. ಅವರು ಐದೈದಾಗಿ ಎರಡು ಗೂಡಿಗೆ ಹಂಚಿಹೋದರೆ, ಪಟ್ಟಿ ನೋಡುವ ಅಧಿಕಾರಿಗೆ ಕಾಣುವುದು ಎರಡು ಬಡಕಲು ಶಾಲೆಗಳು. ಅಂಥ ಪಟ್ಟಿಯನ್ನು ಊರು ಬಲ್ಲವರೊಬ್ಬರು, ಎಣಿಕೆಗೆ ಮೊದಲೇ, ಜೋರಾಗಿ ಓದಿಸಿ ಕೇಳಬೇಕು.