ಅಮೃತಮಹಲ್ ಕಾವಲುಗಳ ಋತುಕ್ರಮ

‘ಹುಲ್ಲುಗಾವಲು’ ಎಂಬ ಪದವನ್ನು ನಾವು ಇಂದು ದನ ಮೇಯುವ ಬಯಲೆಂಬ ಅರ್ಥದಲ್ಲಿ ಮಾತ್ರ ಬಳಸುತ್ತೇವೆ. ಆದರೆ ಪದದ ಉತ್ತರಾರ್ಧದಲ್ಲಿರುವುದು ಕಾವಲು. ಎಂದರೆ ಮೇಯಿಸುವುದಲ್ಲ, ಮೇಯದಂತೆ ಕಾಯುವುದು. ಪುಣೆಯ ವಾಚಕರಿಗೆ ಪರಿಚಿತವಾದ ಮರಾಠಿಯ ‘ಕುರಣ’ವೂ ಹೀಗೆಯೇ ಕಾದಿರಿಸಿದ ಹುಲ್ಲುನೆಲ. ಈ ಅರ್ಥವನ್ನು ಹಿಡಿದು ನೋಡಿದರೆ ಮೈಸೂರಿನ ಅಮೃತಮಹಲ್ ಕಾವಲುಗಳ ಇತಿಹಾಸವು ದನದ ತಳಿಯೊಂದರ ಕಥೆಯಷ್ಟೇ ಆಗಿರದೆ ಮಣ್ಣಿನ ಕಥೆಯೂ ಆಗಿ ತೋರುತ್ತದೆ.

ಹೊರಗಿನ ಚರಿತ್ರೆ ಪ್ರಸಿದ್ಧವಾದುದು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯ ಮಂದೆಗಳನ್ನು ಹೈದರಾಲಿಯು ಸೈನ್ಯದ ಸಾಗಾಣಿಕೆಗೆ ಬಳಸಿಕೊಂಡನು, ಟೀಪೂ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. 1799ರ ತರುವಾಯ ಅದು ಆಂಗ್ಲರ ಕೈಸೇರಿತು. 1860ರಲ್ಲಿ ಮಿತವ್ಯಯದ ನೆವದಿಂದ ಮಂದೆಗಳನ್ನು ಮಾರಿಬಿಟ್ಟ ಸರಕಾರವು, ಎತ್ತುಗಳ ಅಭಾವ ಕಂಡಾಗ 1866ರಲ್ಲಿ ಅದೇ ಇಲಾಖೆಯನ್ನು ಮರಳಿ ಕಟ್ಟಬೇಕಾಯಿತು. ಮಿತವ್ಯಯಕ್ಕೆ ಇಂಥ ಬೆಲೆ ತೆತ್ತ ನಿದರ್ಶನಗಳು ವಿರಳವೇನಲ್ಲ.

ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ಕಾವಲುಗಳ ವಿಂಗಡಣೆ. ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಅವು ಮೂರು ಬಗೆಯಾಗಿದ್ದವೆಂದು ಲೂಯಿ ರೈಸರ ಮೈಸೂರು ಗೆಜೆಟಿಯರಿನಿಂದ ತಿಳಿದುಬರುತ್ತದೆ. ಬೇಸಿಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು. ನೀರು ಇಳಿದಂತೆ ಅಲ್ಲಿ ಹುಲ್ಲು ಚಿಗುರುತ್ತಿತ್ತು, ಮರಗಳ ನೆರಳೂ ಇರುತ್ತಿತ್ತು. ಉಳಿದೆರಡು ಬಗೆಯವು ಆಯಾ ಋತುವಿನಲ್ಲಿ ಹುಲುಸಾಗಿದ್ದು ಬೇಸಿಗೆಯಲ್ಲಿ ಒಣಗುವ ಬಯಲುಗಳು. ಮಂದೆಯು ಒಂದರಿಂದೊಂದಕ್ಕೆ ಸಾಗುತ್ತಿದ್ದುದರಿಂದ ಪ್ರತಿಯೊಂದು ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳ ವಿಶ್ರಾಂತಿ ದೊರೆಯುತ್ತಿತ್ತು.

ಈ ವಿಶ್ರಾಂತಿಯ ಫಲವೇನು? ಚಿಗುರಿದ ಹುಲ್ಲನ್ನು ಮರಳಿಮರಳಿ ಮೇಯಿಸಿದರೆ ಬೇರಿನಲ್ಲಿಯೂ ಬುಡದಲ್ಲಿಯೂ ಕೂಡಿಟ್ಟ ಆಹಾರವು ಬರಿದಾಗುತ್ತದೆ, ಬೇರು ಗಿಡ್ಡಾಗುತ್ತದೆ, ಬೀಜ ಉದುರುವುದಿಲ್ಲ. ಬಹುವಾರ್ಷಿಕ ಹುಲ್ಲುಗಳ ಎಡೆಯಲ್ಲಿ ಕಳೆ ನುಗ್ಗುತ್ತದೆ. ಬಿಡುವು ದೊರೆತರೆ ಬೇರು ಮರಳಿ ಇಳಿಯುತ್ತದೆ; ಅದರ ಒಂದಂಶ ಕೊಳೆತು ಮಣ್ಣಿಗೆ ಸೇರುತ್ತದೆ. ಇನ್ನು ಸಾರದ ಲೆಕ್ಕ. ದನವು ತಿಂದ ಸಾರಜನಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಸೆಗಣಿ ಗಂಜಲಗಳಾಗಿ ಹೊರಬೀಳುತ್ತದೆ. ರಂಜಕದ ಬಹುಭಾಗ ಸೆಗಣಿಯಲ್ಲಿ, ಪೊಟ್ಯಾಸಿಯಮಿನ ಬಹುಭಾಗ ಗಂಜಲದಲ್ಲಿ. ಕೊಯ್ದು ಹೊತ್ತೊಯ್ದ ಹುಲ್ಲು ಈ ಋಣವನ್ನು ತೀರಿಸುವುದಿಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ಡಿನಲ್ಲಿ ಲಾಸ್ ಮತ್ತು ಗಿಲ್ಬರ್ಟರು 1856ರಲ್ಲಿ ಆರಂಭಿಸಿದ ಹುಲ್ಲುನೆಲದ ಪ್ರಯೋಗ ಇಂದಿಗೂ ನಡೆದಿದೆ. ಅಲ್ಲಿ ಗೊಬ್ಬರವಿಲ್ಲದೆ ಕೊಯ್ಲು ಮಾತ್ರ ಕಂಡ ತುಂಡುಗಳಲ್ಲಿ ಸಸ್ಯಜಾತಿಗಳು ಹಲವು, ಇಳುವರಿ ಅಲ್ಪ. ಹಾಗೆಂದು ಮೇಯಿಸಿದ ಮಾತ್ರಕ್ಕೆ ಸಾರವು ಸಮನಾಗಿ ಹರಡೀತೆಂದೂ ಅಲ್ಲ. ದನವು ನೀರಿನ ಬಳಿ, ನೆರಳಿನಡಿ, ರಾತ್ರಿ ತಂಗುವೆಡೆಯಲ್ಲಿ ಹೆಚ್ಚು ಸೆಗಣಿ ಹಾಕುತ್ತದೆ. ಒಂದೇ ತಾವಿನಲ್ಲಿ ನಿಂತ ಮಂದೆ ಬಯಲನ್ನು ಬಡವಾಗಿಸಿ ತಂಗುದಾಣವನ್ನು ಕೊಬ್ಬಿಸುತ್ತದೆ. ತಾಣ ಬದಲಿಸುವ ಮಂದೆಯಿಂದ ಈ ದೋಷ ಕಡಿಮೆ.

ಟೀಪೂವಿನ ಅಧಿಕಾರಿಗಳಿಗೆ ಮಣ್ಣಿನ ರಸಾಯನ ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ಅವರಿಗೆ ಬೇಕಾಗಿದ್ದುದು ಫಿರಂಗಿ ಎಳೆಯುವ ಎತ್ತು. ಆದರೆ ಎತ್ತನ್ನು ಕಾಯಲು ಏರ್ಪಡಿಸಿದ ಪಂಚಾಂಗವೇ ಹುಲ್ಲನ್ನೂ ಕಾಯಿತು.

ಋತುಕ್ರಮವನ್ನು ಅರಿಯದ ಕಣ್ಣಿಗೆ, ಬಿಡುವಿನಲ್ಲಿರುವ ಕಾವಲು ಖಾಲಿ ನೆಲವಾಗಿ ಕಾಣುತ್ತದೆ. 1940ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದ ಕಾಲದಿಂದ ಅನೇಕ ಕಾವಲುಗಳು ಉಳುಮೆಗೆ ಹೋದವು. 2009–10ರ ಸುಮಾರಿಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಉಳ್ಳಾರ್ತಿ, ಖುದಾಪುರ ಮೊದಲಾದ ಕಾವಲುಗಳ ಸಾವಿರಾರು ಎಕರೆಗಳು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದವು. ಕುರಿ ಸಾಕಿ ಕಂಬಳಿ ನೇಯುತ್ತಿದ್ದ ನೆರೆಯ ಹಳ್ಳಿಗರು ನ್ಯಾಯಾಧಿಕರಣದ ಮೆಟ್ಟಿಲೇರಿದ ವಾರ್ತೆಯನ್ನು ವಾಚಕರು ಓದಿರಬಹುದು. ಅಲ್ಲಿ ಚರ್ಚೆಯಾದುದು ಬಹುಮಟ್ಟಿಗೆ ಎಕರೆಗಳ ಮಾತು. ಕಾವಲುಗಳ ಸಂಖ್ಯೆ ಕುಗ್ಗಿದಾಗ ಮಂದೆಗೆ ಸರದಿಯಲ್ಲಿ ಹೋಗಲು ಬೇರೆ ತಾಣ ಉಳಿಯುವುದಿಲ್ಲ. ಉಳಿದ ಬಯಲಿಗೆ ಬಿಡುವೂ ಉಳಿಯುವುದಿಲ್ಲ.