ಕಠಾರಿಯಿಂದ ಜೇಬುಚಾಕುವಿನವರೆಗೆ: ಗಡಿನಾಡಿನಲ್ಲಿ ಆಯುಧ ಕಾನೂನು

ಮಡಕಶಿರಾ ಸೀಮೆಯ ಹೇಮಾವತಿಯು ಹೆಂಜೇರೆಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಕೈಯಲ್ಲಿ ಕತ್ತಿ, ನಡುವಿನಲ್ಲಿ ಕಠಾರಿ ಧರಿಸಿದ ವೀರನನ್ನು ನಾವೆಲ್ಲ ಕಂಡಿದ್ದೇವೆ. ಅಂದು ಆಯುಧವು ಮಾನದ ಗುರುತು. ಇಂದು ಜೇಬಿನ ಚಾಕುವಿಗೂ ಕಾನೂನಿನ ಅಳತೆಯುಂಟು. ಈ ಮಾರ್ಪಾಟು ಆದ ಬಗೆಯನ್ನು ಅರಿಯುವುದು ಉಪಾಧ್ಯಾಯರಿಗೆ ಅವಶ್ಯವೇ ಸರಿ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಒಪ್ಪಿಸಿದನು. 1807ರವರೆಗೆ ಕಲೆಕ್ಟರನಾಗಿದ್ದ ತಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದು, ಅವರ ಆಯುಧಧಾರಿ ಬಂಟರನ್ನು ಚದುರಿಸಿದನು. ಮುಂದೆ ಲಿಟ್ಟನ್ನನ ಕಾಲದ 1878ರ ಆಯುಧ ಶಾಸನವು ಲೈಸೆನ್ಸಿಲ್ಲದೆ ಆಯುಧ ಹಿಡಿದು ತಿರುಗುವುದನ್ನು ನಿಷೇಧಿಸಿತು. ಕತ್ತಿ, ಕಠಾರಿ, ಈಟಿ, ಬಿಲ್ಲುಬಾಣಗಳೂ ಅದರಲ್ಲಿ ಸೇರಿದ್ದವು. ಕೊಡವರಿಗೆ ವಿನಾಯಿತಿ ದೊರೆಯಿತು, ನಮ್ಮವರಿಗೆ ದೊರೆಯಲಿಲ್ಲ. ಜನರನ್ನು ನಂಬದ ಈ ಶಾಸನದ ಮೇಲಣ ಅಸಮಾಧಾನದಿಂದಲೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಕ್ಕೊಳಪಟ್ಟು ಆಯುಧ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು.

1953ರ ಅಕ್ಟೋಬರ್ 1ರಂದು ರಾಯದುರ್ಗವು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಆದರೆ ಸಂವಿಧಾನದಲ್ಲಿ ಆಯುಧವು ಕೇಂದ್ರದ ಪಟ್ಟಿಯಲ್ಲಿರುವ ವಿಷಯ. ಆದ್ದರಿಂದ ರಾಯದುರ್ಗಕ್ಕೂ ಬಳ್ಳಾರಿಗೂ, ಮಡಕಶಿರೆಗೂ ಶಿರಾಕ್ಕೂ ಮೂಲ ಶಾಸನ ಒಂದೇ. ಹಳೆಯ ಶಾಸನದ ಬದಲಾಗಿ ಬಂದ 1959ರ ಶಾಸನವು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಮನೆಗೆಲಸಕ್ಕೂ ಬೇಸಾಯಕ್ಕೂ ಮಾತ್ರವೇ ಮಾಡಿದ ಉಪಕರಣ ಅದರ ಪ್ರಕಾರ ಆಯುಧವಲ್ಲ. ಕುಡುಗೋಲು, ಈಳಿಗೆಮಣೆಗಳಿಗೆ ಭಯವಿಲ್ಲ. ಅಂಥ ಕೆಲಸಕ್ಕಲ್ಲದೆ ಮಾಡಿದ ಚಾಕುವಿನ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದರೆ ಅದು ನಿಯಮಗಳ ಐದನೆಯ ವರ್ಗಕ್ಕೆ ಸೇರುತ್ತದೆ. ಕೇಂದ್ರ ಸರ್ಕಾರವು ನಾಲ್ಕನೆಯ ಕಲಮಿನಂತೆ ಯಾವುದಾದರೂ ಪ್ರದೇಶಕ್ಕೆ ಪ್ರಕಟಣೆ ಹೊರಡಿಸಿದರೆ, ಅಲ್ಲಿ ಗೊತ್ತುಪಡಿಸಿದ ಆಯುಧಕ್ಕೆ ಲೈಸೆನ್ಸು ಬೇಕು. ದಿಲ್ಲಿಯಲ್ಲಿ 1980ರ ಪ್ರಕಟಣೆಯೊಂದು ಗುಂಡಿಯೊತ್ತಿ ತೆರೆಯುವ ಚಾಕು ಮೊದಲಾದವಕ್ಕೆ 7.62 ಸೆಂಟಿಮೀಟರಿನ ಅಳತೆಯನ್ನು ಗೊತ್ತುಮಾಡಿತು.

ಗಡಿಯಲ್ಲಿರುವ ನಮಗೆ ಮುಖ್ಯವಾದ ಸೂಕ್ಷ್ಮ ಇಲ್ಲಿದೆ. ಗಲಭೆಯ ಶಂಕೆಯಿದ್ದಾಗ ಮ್ಯಾಜಿಸ್ಟ್ರೇಟರು ಹೊರಡಿಸುವ ನಿಷೇಧಾಜ್ಞೆ (ಹಿಂದೆ 144ನೆಯ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೆಯದು) ಆಯಾ ಸರಹದ್ದಿಗಷ್ಟೇ ಅನ್ವಯಿಸುತ್ತದೆ. ಒಂದು ಹೊಲದ ಬದು ದಾಟಿದರೆ ಆಜ್ಞೆ ಬೇರೆ. ಆಜ್ಞೆ ತೆಲುಗಿನಲ್ಲಿ ಹೊರಟರೆ, ಕನ್ನಡವನ್ನಷ್ಟೇ ಓದಬಲ್ಲ ಕುರಿಗಾಹಿಗೆ ಅದನ್ನು ತಿಳಿಸುವವರಾರು?

ಅಳತೆ ಅರಿತರೆ ಸಾಲದು, ಉದ್ದೇಶವನ್ನೂ ಅರಿಯಬೇಕು. ಸೀಸದಕಡ್ಡಿ ಕೆತ್ತುವ ಚಾಕುವೂ ಒಬ್ಬನನ್ನು ಬೆದರಿಸಲು ಬಿಚ್ಚಿದ ಕ್ಷಣದಲ್ಲಿ ಅಪರಾಧಕ್ಕೆ ಸಾಧನವಾಗುತ್ತದೆ. ಅಲ್ಲಿ ಅಂಗುಲದ ಲೆಕ್ಕ ನಡೆಯದು. ಇದನ್ನು ಮಕ್ಕಳಿಗೆ ಅವರ ಮಾತಿನಲ್ಲಿ, ಠಾಣೆಯ ಮೆಟ್ಟಿಲು ಹತ್ತುವ ಮೊದಲೇ, ತಿಳಿಸುವ ಹೊಣೆ ನಮ್ಮದು.